ಎರಡು ತಲೆ ಹಾವಿಗೆ ಕೋಟಿ ಕೊಡುವವರು ಯಾರು? ಕಾಡುಪ್ರಾಣಿ ಮಾರಾಟದ ಹಿಂದಿರುವ ಬೇಡಿಕೆಯ ಕಥೆ

"ಅರ್ಜೆಂಟ್. ಎರಡು ತಲೆ ಹಾವು ಬೇಕಾಗಿದೆ. ತೂಕ ಎರಡೂವರೆ ಕೆಜಿ ಮೇಲಿರಬೇಕು. ಪಾರ್ಟಿ ಕೋಟಿ ಕೊಡಲು ರೆಡಿ ಇದ್ದಾರೆ. ಮಧ್ಯದವರಿಗೂ ಕಮಿಷನ್ ಉಂಟು."

ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಒಮ್ಮೆಯಾದರೂ ಬಂದಿರಬಹುದು. ಹಾವಿನ ಬದಲು ನಕ್ಷತ್ರ ಆಮೆ, ಹುಲಿ ಉಗುರು, ನರಿ ಕೊಂಬು ಇದ್ದಿರಬಹುದು. ಕೆಲವರು ನಕ್ಕು ಬಿಡುತ್ತಾರೆ. ಕೆಲವರು "ಯಾರಿಗಾದರೂ ಉಪಯೋಗಕ್ಕೆ ಬರಲಿ" ಎಂದು ಮುಂದಕ್ಕೆ ಕಳಿಸುತ್ತಾರೆ. ಒಬ್ಬಿಬ್ಬರು ನಿಜವಾಗಿಯೂ ಟಾರ್ಚ್ ಹಿಡಿದು ಹೊಲಕ್ಕೆ ಹೋಗುತ್ತಾರೆ.

ಕಾಡುಪ್ರಾಣಿಗಳ ಕಳ್ಳಸಾಗಣೆ ಎಂದಾಗ ನಮ್ಮ ಕಣ್ಣಿಗೆ ಬರುವುದು ಬಂದೂಕು ಹಿಡಿದ ಬೇಟೆಗಾರ. ಆದರೆ ಬೇಟೆಗಾರ ಈ ಸರಪಳಿಯ ಒಂದು ತುದಿ ಮಾತ್ರ. ಇನ್ನೊಂದು ತುದಿಯಲ್ಲಿ ಕೊಳ್ಳುವವರಿದ್ದಾರೆ. ಅವರಿಗೆ ಅದು ಏಕೆ ಬೇಕು? ಆ ಆಸೆ ಎಲ್ಲಿಂದ ಹುಟ್ಟಿತು? ಅದನ್ನು ಕಡಿಮೆ ಮಾಡಲು ಆಗುತ್ತದೆಯೇ? ಇದನ್ನು ಒಂದೊಂದಾಗಿ ನೋಡೋಣ.

ಎರಡು ತಲೆ ಹಾವು: ಕೊಳ್ಳುವವರೇ ಇಲ್ಲದ ಬೇಡಿಕೆ

ಎರಡು ತಲೆ ಹಾವು ಎಂದು ಜನ ಕರೆಯುವ ಹಾವಿಗೆ ಇರುವುದು ಒಂದೇ ತಲೆ. ಮಣ್ಣುಮುಕ್ಕ ಹಾವು ಎಂದೂ ಇದನ್ನು ಕರೆಯುತ್ತಾರೆ. ಒಣ ಬಯಲು, ಹೊಲಗಳ ಸಡಿಲ ಮಣ್ಣಿನಲ್ಲಿ ಹುದುಗಿ ಬದುಕುವ ಇದಕ್ಕೆ ವಿಷವಿಲ್ಲ. ಇದರ ಬಾಲ ಚೂಪಾಗಿರದೆ ಮೊಂಡಾಗಿರುತ್ತದೆ. ಅಪಾಯ ಬಂದಾಗ ಹಾವು ತಲೆಯನ್ನು ಸುರುಳಿಯ ಒಳಗೆ ಬಚ್ಚಿಟ್ಟು ಬಾಲವನ್ನು ತಲೆಯಂತೆ ಮೇಲೆತ್ತುತ್ತದೆ. ಶತ್ರು ಬಾಲಕ್ಕೆ ಬಾಯಿ ಹಾಕಿದರೂ ತಲೆ ಉಳಿಯುತ್ತದೆ. ಶತ್ರುವನ್ನು ಮೋಸಗೊಳಿಸಲು ಹಾವು ಬಳಸುವ ಈ ಉಪಾಯಕ್ಕೆ ಮನುಷ್ಯ ಮೋಸಹೋಗಿದ್ದಾನೆ.

ಇದು ಮನೆಯಲ್ಲಿದ್ದರೆ ಲಕ್ಷ್ಮಿ ಒಲಿಯುತ್ತಾಳೆ, ಇದರಿಂದ ನಿಧಿ ಪತ್ತೆ ಮಾಡಬಹುದು, ವಿದೇಶದಲ್ಲಿ ಇದರಿಂದ ಏಡ್ಸ್, ಕ್ಯಾನ್ಸರ್‌ಗೆ ಔಷಧಿ ಮಾಡುತ್ತಾರೆ ಎಂಬ ಮಾತುಗಳು ಹರಿದಾಡುತ್ತಿವೆ. ಯಾವುದಕ್ಕೂ ಆಧಾರವಿಲ್ಲ. ಈ ಹಾವಿನಿಂದ ಅಂಥ ಯಾವ ಔಷಧಿಯೂ ತಯಾರಾಗಿಲ್ಲ. ಅದು ಮಾಡುವ ನಿಜವಾದ ಉಪಕಾರವೆಂದರೆ ಹೊಲದ ಇಲಿ ತಿನ್ನುವುದು. ರೈತನಿಗೆ ಅದು ಕೋಟಿ ತರದಿದ್ದರೂ ಒಂದಿಷ್ಟು ಕಾಳು ಉಳಿಸಿಕೊಡುತ್ತದೆ.

ಹಾಗಾದರೆ ಕೋಟಿ ಕೊಡುವ ಆ "ಪಾರ್ಟಿ" ಯಾರು? ಇಡೀ ವ್ಯವಹಾರದ ಗುಟ್ಟು ಇಲ್ಲಿದೆ. ಹಾವು ಹಿಡಿದವನು ಮಧ್ಯವರ್ತಿಗೆ ಮಾರುತ್ತಾನೆ, ಅವನು ಇನ್ನೊಬ್ಬ ಮಧ್ಯವರ್ತಿಯನ್ನು ಹುಡುಕುತ್ತಾನೆ. ಪ್ರತಿಯೊಬ್ಬನೂ ತನ್ನ ಮುಂದೆ ದೊಡ್ಡ ಗಿರಾಕಿ ಕಾಯುತ್ತಿದ್ದಾನೆ ಎಂದೇ ನಂಬಿರುತ್ತಾನೆ. ಕೊನೆಗೆ ಸಿಗುವುದು ಮುಂಗಡ ಹಣ ಪಡೆದು ಮಾಯವಾಗುವ ವಂಚಕ, ಇಲ್ಲವೇ ಗಿರಾಕಿಯ ವೇಷದಲ್ಲಿ ಬಂದ ಪೊಲೀಸ್. ಸಿಕ್ಕಿಬೀಳುವವರಲ್ಲಿ ಕೈಸಾಲ ತೀರಿಸಲು, ಒಂದೇ ಏಟಿಗೆ ಬದುಕು ಬದಲಿಸಿಕೊಳ್ಳಲು ಹೊರಟ ಹುಡುಗರೂ ಇರುತ್ತಾರೆ. ಅವರಿಗೆ ಕೋಟಿ ಬರುವುದಿಲ್ಲ, ಕೋರ್ಟಿನ ಅಲೆದಾಟ ಬರುತ್ತದೆ.

ವೈಲ್ಡ್‌ಲೈಫ್ ಕನ್ಸರ್ವೇಷನ್ ಸೊಸೈಟಿಯ ಭಾರತದ ಘಟಕ ಸುದ್ದಿ ವರದಿಗಳನ್ನು ಕಲೆಹಾಕಿದಾಗ, 2016ರಿಂದ 2021ರವರೆಗೆ ದೇಶದಲ್ಲಿ ಈ ಹಾವನ್ನು ವಶಪಡಿಸಿಕೊಂಡ 172 ಪ್ರಕರಣಗಳು ಸಿಕ್ಕವು. ಇವು ಸಿಕ್ಕಿಬಿದ್ದವರ ಲೆಕ್ಕ ಮಾತ್ರ. ಹಾವನ್ನು ತೋರಿಸಿ ವ್ಯಾಪಾರಕ್ಕೆ ಕರೆಯುವ ನೂರಾರು ವಿಡಿಯೊಗಳೂ ಯೂಟ್ಯೂಬ್‌ನಲ್ಲಿ ಕಂಡುಬಂದವು. ಅಂದರೆ ಈ ಬೇಡಿಕೆಯನ್ನು ಹುಟ್ಟಿಸಿದ್ದು ಯಾವ ರೋಗಿಯೂ ಅಲ್ಲ, ಯಾವ ಕಾರ್ಖಾನೆಯೂ ಅಲ್ಲ. ಅದನ್ನು ಹುಟ್ಟಿಸಿ ಸಾಕುತ್ತಿರುವುದು ನಮ್ಮ ನಿಮ್ಮ ಮೊಬೈಲಿನಲ್ಲಿ ಓಡಾಡುವ ವದಂತಿ.

ಹುಲಿ ಉಗುರು: ಗತ್ತಿಗಾಗಿ ಕೊಳ್ಳುವುದು

2023ರ ಅಕ್ಟೋಬರ್‌ನಲ್ಲಿ ಕನ್ನಡದ ಜನಪ್ರಿಯ ರಿಯಾಲಿಟಿ ಶೋ ಒಂದರ ಸ್ಪರ್ಧಿಯನ್ನು, ಕತ್ತಿನಲ್ಲಿದ್ದ ಹುಲಿ ಉಗುರಿನ ಪದಕದ ಕಾರಣಕ್ಕೆ ಅರಣ್ಯ ಇಲಾಖೆ ಬಂಧಿಸಿತು. ಮುಂದಿನ ಕೆಲವು ದಿನ ರಾಜ್ಯದಲ್ಲಿ ಅದೇ ಮಾತು. ಸಿನಿಮಾ ನಟರು, ರಾಜಕಾರಣಿಗಳು, ಅರ್ಚಕರು ಹೀಗೆ ಹಲವರ ಹಳೆಯ ಫೋಟೊಗಳನ್ನು ಜನರೇ ಹುಡುಕಿ ಹಂಚಿಕೊಂಡರು. ಎಷ್ಟೋ ಮನೆಗಳಲ್ಲಿ ಬೀರು ತೆರೆದು, "ನಮ್ಮ ತಾತನದ್ದು ಏನು ಮಾಡುವುದು?" ಎಂಬ ಚರ್ಚೆ ನಡೆಯಿತು.

ಹುಲಿ ಉಗುರಿನಲ್ಲಿ ಇರುವುದು ಕೆರಾಟಿನ್ ಎಂಬ ಪ್ರೋಟೀನ್. ನಮ್ಮ ಉಗುರು, ಕೂದಲು, ಎಮ್ಮೆಯ ಕೊಂಬಿನ ಹೊರಪದರ ಎಲ್ಲವೂ ಅದೇ. ಅದನ್ನು ಧರಿಸಿದರೆ ಧೈರ್ಯ ಬರುತ್ತದೆ, ಮಗುವಿಗೆ ದೃಷ್ಟಿ ತಾಗುವುದಿಲ್ಲ ಎಂಬುದಕ್ಕೆ ಪುರಾವೆಯಿಲ್ಲ. ಆದರೆ ಇಂದು ಅದನ್ನು ಚಿನ್ನದಲ್ಲಿ ಕಟ್ಟಿಸಿ ಅಂಗಿಯ ಮೇಲಿನ ಗುಂಡಿ ಬಿಚ್ಚಿ ತೋರಿಸುವವರಲ್ಲಿ ಬಹಳ ಜನಕ್ಕೆ ದೃಷ್ಟಿಯ ಚಿಂತೆ ಇರುವುದಿಲ್ಲ. "ನಾನು ಸಾಮಾನ್ಯ ಅಲ್ಲ" ಎಂದು ಸಾರುವುದೇ ಅದರ ಕೆಲಸ.

ಒಂದು ಸಣ್ಣ ಲೆಕ್ಕ ಹಾಕೋಣ. 2022ರ ಹುಲಿಗಣತಿಯ ಅಂದಾಜಿನಂತೆ ದೇಶದಲ್ಲಿ 3,682, ಕರ್ನಾಟಕದಲ್ಲಿ 563 ಹುಲಿಗಳಿವೆ. ಒಂದು ಹುಲಿಗೆ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕು ನಾಲ್ಕು, ಒಟ್ಟು 18 ಉಗುರು. ಕರ್ನಾಟಕದ ಅಷ್ಟೂ ಹುಲಿಗಳನ್ನು ಕೊಂದರೂ ಸಿಗುವುದು ಹತ್ತು ಸಾವಿರ ಚಿಲ್ಲರೆ ಉಗುರು. ಎರಡೆರಡು ಜೋಡಿಸಿ ಪದಕ ಮಾಡಿದರೆ ಐದು ಸಾವಿರ ಕುತ್ತಿಗೆಗಳಿಗೆ ಮುಗಿಯಿತು, ಕಾಡಿನಲ್ಲಿ ಹುಲಿಯೂ ಮುಗಿಯಿತು. ಅದಕ್ಕಾಗಿಯೇ ಸಂತೆ, ಜಾತ್ರೆ, ಆನ್‌ಲೈನ್‌ನಲ್ಲಿ ಬಿಕರಿಯಾಗುವ ಉಗುರುಗಳಲ್ಲಿ ಬಹುಪಾಲು ದನ, ಎಮ್ಮೆಯ ಕೊಂಬು ಅಥವಾ ಪ್ಲಾಸ್ಟಿಕ್‌ನಿಂದ ಮಾಡಿದ ನಕಲಿ.

"ನಕಲಿಯಾದರೆ ಹುಲಿಗೆ ಏನು ತೊಂದರೆ?" ಎಂದು ನೀವು ಕೇಳಬಹುದು. ತೊಂದರೆ ಇದೆ. ಹತ್ತು ಜನ ನಕಲಿ ಧರಿಸಿ ಓಡಾಡಿದರೆ ಹುಲಿ ಉಗುರು ಧರಿಸುವುದು ಗೌರವದ ಸಂಗತಿ ಎಂಬ ಭಾವನೆ ಬೆಳೆಯುತ್ತದೆ. ಹನ್ನೊಂದನೆಯವನಿಗೆ ದುಡ್ಡಿದ್ದರೆ ಅವನು ಕೇಳುವುದು "ಒರಿಜಿನಲ್". ಆ ಒಂದು ಒರಿಜಿನಲ್‌ಗೆ ಒಂದು ಹುಲಿ ಉರುಳಿಗೆ ಬೀಳುತ್ತದೆ.

"ತಾನಾಗಿ ಸತ್ತ ಹುಲಿಯದ್ದು" ಎಂಬ ಸಮರ್ಥನೆಯೂ ನಿಲ್ಲುವುದಿಲ್ಲ. ಕಾಡಿನಲ್ಲಿ ಹುಲಿ ಸತ್ತರೆ ಮರಣೋತ್ತರ ಪರೀಕ್ಷೆಯ ಬಳಿಕ ಅಧಿಕಾರಿಗಳ ಸಮ್ಮುಖದಲ್ಲಿ ಉಗುರು, ಹಲ್ಲು, ಚರ್ಮದ ಸಮೇತ ಸುಡಬೇಕೆಂಬ ನಿಯಮವಿದೆ. ಮಾರುಕಟ್ಟೆಗೆ ಬರಲು ಕಾನೂನಿನ ದಾರಿಯೇ ಇಲ್ಲ.

ನರಿ ಕೊಂಬು ಮತ್ತು "ಬೇರು": ನಂಬಿಕೆಗಾಗಿ ಕೊಳ್ಳುವುದು

ಬೆಳಿಗ್ಗೆ ನರಿ ಮುಖ ನೋಡಿದರೆ ಅದೃಷ್ಟ ಎಂಬ ಮಾತು ನಮ್ಮಲ್ಲಿದೆ. ನೋಡುವುದರಿಂದ ನರಿಗೇನೂ ನಷ್ಟವಿಲ್ಲ. ಆದರೆ ಅದೇ ನಂಬಿಕೆಯ ಬಾಲ ಹಿಡಿದು "ನರಿ ಕೊಂಬು" ಎಂಬ ವಸ್ತು ಮಾರುಕಟ್ಟೆಗೆ ಬಂದಿದೆ. ನರಿಗೆ ಕೊಂಬಿಲ್ಲ. ತಲೆಬುರುಡೆಯ ಮೂಳೆಯ ಚೂರಿಗೋ ಚರ್ಮದ ಉಂಡೆಗೋ ಕೂದಲು ಅಂಟಿಸಿ, ಕುಂಕುಮ ಹಚ್ಚಿ, ಡಬ್ಬಿಯಲ್ಲಿಟ್ಟು ಕೊಡುತ್ತಾರೆ. ಕೋರ್ಟ್ ಕೇಸು ಗೆಲ್ಲುತ್ತೀರಿ, ವ್ಯಾಪಾರ ಕುದುರುತ್ತದೆ ಎಂಬ ಭರವಸೆ ಬೇರೆ.

ಇದಕ್ಕಿಂತ ವಿಚಿತ್ರವಾದದ್ದು "ಹತ್ತಾ ಜೋಡಿ". ಕೈಮುಗಿದಂತೆ ಕಾಣುವ ಅಪರೂಪದ ಗಿಡದ ಬೇರು ಎಂದು ಇದನ್ನು ಪೂಜೆಗೆ ಮಾರುತ್ತಿದ್ದರು. 2017ರಲ್ಲಿ ವನ್ಯಜೀವಿ ಅಧಿಕಾರಿಗಳು ಮತ್ತು ಸಂರಕ್ಷಣಾ ಸಂಸ್ಥೆಗಳು ಇದರ ಹಿಂದಿನ ಸತ್ಯವನ್ನು ಬಯಲಿಗೆ ತಂದವು. ಅದು ಬೇರಲ್ಲ, ಗಂಡು ಉಡದ ಒಣಗಿಸಿದ ಜನನಾಂಗ. ದೊಡ್ಡ ದೊಡ್ಡ ಆನ್‌ಲೈನ್ ಮಳಿಗೆಗಳಲ್ಲೂ ಅದು ಮಾರಾಟಕ್ಕಿತ್ತು. ಮಾಂಸ ಮುಟ್ಟದ ಮನೆಗಳಲ್ಲಿ, ದೇವರ ಕೋಣೆಯಲ್ಲಿ, ಹೂವಿಟ್ಟು ಪೂಜಿಸಿದ ವಸ್ತು ಅದಾಗಿತ್ತು. ಕೊಂಡವರಲ್ಲಿ ಎಷ್ಟೋ ಜನರಿಗೆ ಸತ್ಯ ಗೊತ್ತಿದ್ದರೆ ಹತ್ತಿರವೂ ಸೇರಿಸುತ್ತಿರಲಿಲ್ಲ.

ಆದ್ದರಿಂದ ಕೊಳ್ಳುವವರೆಲ್ಲ ಕ್ರೂರಿಗಳು ಎಂದು ತಿಳಿಯಬಾರದು. ಮಗುವಿನ ಕಾಯಿಲೆ, ಸಾಲ, ನಿಂತುಹೋದ ಮದುವೆ, ಇಂಥ ಕಷ್ಟದಲ್ಲಿರುವವರ ಭಯವನ್ನೇ ಮಾರಾಟಗಾರ ಬಂಡವಾಳ ಮಾಡಿಕೊಳ್ಳುತ್ತಾನೆ.

ನಕ್ಷತ್ರ ಆಮೆ: ಮುದ್ದಿಗಾಗಿ ಕೊಳ್ಳುವುದು

ಚಿಪ್ಪಿನ ಮೇಲೆ ಹಳದಿ ನಕ್ಷತ್ರದ ಚಿತ್ತಾರವಿರುವ ನಕ್ಷತ್ರ ಆಮೆ ಕರ್ನಾಟಕ, ಆಂಧ್ರದ ಒಣ ಪ್ರದೇಶಗಳಲ್ಲೂ ಬದುಕುತ್ತದೆ. ವಾಸ್ತುವಿಗೆ ಒಳ್ಳೆಯದು, ಮಕ್ಕಳಿಗೆ ಮುದ್ದು ಎಂದು ಮನೆಗಳಲ್ಲಿ ಸಾಕುವವರಿದ್ದಾರೆ. ವಿದೇಶಗಳಲ್ಲಿ ಸಾಕುಪ್ರಾಣಿಯಾಗಿ ಇದಕ್ಕೆ ದೊಡ್ಡ ಬೇಡಿಕೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಭಾರತದ ಒಂದೇ ವ್ಯಾಪಾರ ಕೇಂದ್ರದ ಮೂಲಕ ವರ್ಷಕ್ಕೆ ಕನಿಷ್ಠ 55,000 ಆಮೆಗಳು ಕಾಡಿನಿಂದ ಹೊರಹೋಗುತ್ತಿದ್ದವು. 2019ರಲ್ಲಿ ಈ ಆಮೆಯನ್ನು ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಅತ್ಯಂತ ಕಠಿಣ ಪಟ್ಟಿಗೆ ಸೇರಿಸಲಾಯಿತು.

ಮುದ್ದಿನ ವಿಡಿಯೊಗಳೂ ಬೇಡಿಕೆ ಹುಟ್ಟಿಸುತ್ತವೆ. ನಮ್ಮ ಕಾಡುಪಾಪದ ಸಂಬಂಧಿಯಾದ ಸ್ಲೋ ಲೋರಿಸ್ ಎಂಬ ಪ್ರಾಣಿಗೆ ಕಚಗುಳಿ ಇಡುವ ವಿಡಿಯೊ ಒಂದು 2009ರ ಹೊತ್ತಿಗೆ ಜಗತ್ತಿನಾದ್ಯಂತ ಹರಿದಾಡಿತು. ಪಾಪದ ಪ್ರಾಣಿ ಕೈ ಮೇಲೆತ್ತಿ ಖುಷಿಪಡುತ್ತಿದೆ ಎಂದೇ ಎಲ್ಲರೂ ತಿಳಿದರು. ನಿಜದಲ್ಲಿ ಅದು ಹೆದರಿದಾಗ ಕೈ ಎತ್ತುತ್ತದೆ. ಅದರ ತೋಳಿನ ಒಳಭಾಗದಲ್ಲಿ ವಿಷದ ಗ್ರಂಥಿಯಿದ್ದು, ಇದು ತನ್ನನ್ನು ಕಾಪಾಡಿಕೊಳ್ಳುವ ಭಂಗಿ. ಆ ವಿಡಿಯೊದ ಕೆಳಗಿನ ಕಾಮೆಂಟುಗಳನ್ನು ಸಂಶೋಧಕರು ಪರಿಶೀಲಿಸಿದಾಗ "ನನಗೂ ಇಂಥದೊಂದು ಬೇಕು" ಎಂದವರು ಸಾಕಷ್ಟು ಜನ ಇದ್ದರು. ಹಂಚಿಕೊಂಡವರ ಮನಸ್ಸಿನಲ್ಲಿ ಪ್ರೀತಿಯೇ ಇತ್ತು, ಆದರೆ ಅದರಿಂದ ಆಗಿದ್ದು ಜಾಹೀರಾತು.

ಬರೀ ಎಚ್ಚರಿಕೆ ಏಕೆ ಸಾಲದು?

ಗತ್ತು, ನಂಬಿಕೆ, ಔಷಧಿಯ ಆಸೆ, ಮುದ್ದು, ದಿಢೀರ್ ಹಣ. ಕೊಳ್ಳುವವರ ಕಾರಣಗಳು ಹೀಗೆ ಬೇರೆ ಬೇರೆ. ಎಲ್ಲರಿಗೂ "ಪ್ರಾಣಿಗಳನ್ನು ಉಳಿಸಿ" ಎಂಬ ಒಂದೇ ಪೋಸ್ಟರ್ ತೋರಿಸಿದರೆ ಕೆಲಸವಾಗುವುದಿಲ್ಲ. ಆ ಪೋಸ್ಟರ್ ಓದಿ ತಲೆಯಾಡಿಸುವವರು ಹೇಗೂ ಕೊಳ್ಳದವರು. ಕೊಳ್ಳುವವನಿಗೆ ಅದು ತಾಗುವುದಿಲ್ಲ.

ಕೆಲವು ಎಚ್ಚರಿಕೆಗಳು ಉಲ್ಟಾ ಹೊಡೆಯುವುದೂ ಉಂಟು. ಫ್ರಾನ್ಸಿನ ವಿಜ್ಞಾನಿ ಫ್ರಾಂಕ್ ಕುರ್ಶಾಂ ಮತ್ತು ಸಂಗಡಿಗರು 2006ರಲ್ಲಿ ಒಂದು ವಿಷಯವನ್ನು ವಿವರಿಸಿದರು. ಸಾಮಾನ್ಯವಾಗಿ ಒಂದು ಪ್ರಾಣಿ ವಿರಳವಾದರೆ ಅದನ್ನು ಹುಡುಕಲು ಖರ್ಚು ಹೆಚ್ಚಿ ಬೇಟೆ ತಾನಾಗಿ ನಿಲ್ಲಬೇಕು. ಆದರೆ ಅಪರೂಪದ ವಸ್ತುವೇ ಬೇಕೆನ್ನುವ ಜನರಿದ್ದರೆ ವಿರಳವಾದಷ್ಟೂ ಬೆಲೆ ಏರುತ್ತದೆ. ಬೆಲೆ ಏರಿದಷ್ಟೂ ಕೊನೆಯ ಪ್ರಾಣಿಯವರೆಗೂ ಬೇಟೆ ನಡೆಯುತ್ತದೆ.

ಈಗ ನಮ್ಮ ಸುದ್ದಿ ಶೀರ್ಷಿಕೆಗಳನ್ನು ನೆನಪಿಸಿಕೊಳ್ಳಿ. "ಎರಡು ಕೋಟಿ ಬೆಲೆಯ ಹಾವು ವಶ". ಆ ಎರಡು ಕೋಟಿಯನ್ನು ಯಾರೂ ಕೊಟ್ಟಿಲ್ಲ. ಆರೋಪಿ ಹೇಳಿದ ಅಂಕಿ ಹಾಗೇ ಸುದ್ದಿಯಾಗುತ್ತದೆ. ಅದನ್ನು ಓದಿದ ನೂರು ಜನರಲ್ಲಿ ಒಬ್ಬ, "ಓಹೋ, ಇಷ್ಟು ಬೆಲೆಯಿದೆಯೇ?" ಎಂದುಕೊಂಡು ಹುಡುಕಲು ಹೊರಡುತ್ತಾನೆ.

ವದಂತಿಯ ಶಕ್ತಿ ಎಷ್ಟು ಎಂಬುದಕ್ಕೆ ಖಡ್ಗಮೃಗದ ಕಥೆಯೇ ಸಾಕ್ಷಿ. ಅದರ ಕೊಂಬು ಕೂಡ ಕೆರಾಟಿನ್. ವಿಯೆಟ್ನಾಂನಲ್ಲಿ ಒಬ್ಬ ರಾಜಕಾರಣಿಯ ಕ್ಯಾನ್ಸರ್ ಈ ಕೊಂಬಿನಿಂದ ವಾಸಿಯಾಯಿತು ಎಂಬ ಮಾತು ಹಬ್ಬಿತು. ಆ ರಾಜಕಾರಣಿ ಯಾರೆಂದು ಯಾರೂ ತೋರಿಸಲಿಲ್ಲ. ಜೊತೆಗೆ ಅಲ್ಲಿನ ಹೊಸ ಶ್ರೀಮಂತರಿಗೆ ಕೊಂಬಿನ ಪುಡಿ ಅಂತಸ್ತಿನ ಗುರುತಾಯಿತು, ದೊಡ್ಡವರಿಗೆ ಕೊಡುವ ಉಡುಗೊರೆಯಾಯಿತು. ದಕ್ಷಿಣ ಆಫ್ರಿಕಾದಲ್ಲಿ 2007ರಲ್ಲಿ ಕಳ್ಳಬೇಟೆಗೆ ಬಲಿಯಾದ ಖಡ್ಗಮೃಗಗಳು 13. 2014ರಲ್ಲಿ ಅದೇ ಸಂಖ್ಯೆ 1,215.

ಬೇಡಿಕೆ ಕಡಿಮೆಯಾಗಿದ್ದು ಎಲ್ಲಿ, ಹೇಗೆ?

ಬೇಡಿಕೆ ಇಳಿದ ಉದಾಹರಣೆಗಳೂ ಇವೆ.

ಶಾತೂಷ್ ಶಾಲು ಉಂಗುರದೊಳಗೆ ತೂರಿಬರುವಷ್ಟು ನುಣುಪು. ಟಿಬೆಟ್ಟಿನ ಚಿರು ಎಂಬ ಜಿಂಕೆಯಂಥ ಪ್ರಾಣಿ ಪೊದೆಗಳಿಗೆ ಮೈ ಉಜ್ಜಿದಾಗ ಉದುರುವ ಉಣ್ಣೆಯಿಂದ ಅದನ್ನು ನೇಯುತ್ತಾರೆ ಎಂದು ವ್ಯಾಪಾರಿಗಳು ಹೇಳುತ್ತಿದ್ದರು. ಜೀವವಿಜ್ಞಾನಿ ಜಾರ್ಜ್ ಶಾಲರ್ ಟಿಬೆಟ್ಟಿನ ಪ್ರಸ್ಥಭೂಮಿಯಲ್ಲಿ ಅಧ್ಯಯನ ಮಾಡಿ ಸತ್ಯ ತಿಳಿಸಿದರು. ಉಣ್ಣೆಗಾಗಿ ಚಿರುವನ್ನು ಕೊಲ್ಲಲೇಬೇಕು, ಒಂದು ಶಾಲಿಗೆ ಮೂರರಿಂದ ಐದು ಪ್ರಾಣಿಗಳು ಬೇಕು. ಈ ಸತ್ಯ ಗೊತ್ತಾದ ಮೇಲೆ ಹೆಮ್ಮೆಯ ಶಾಲು ನಾಚಿಕೆಯ ವಸ್ತುವಾಯಿತು. ಕಾನೂನೂ ಬಿಗಿಯಾಯಿತು, 2002ರಲ್ಲಿ ಜಮ್ಮು ಮತ್ತು ಕಾಶ್ಮೀರವೂ ನಿಷೇಧ ಜಾರಿಗೊಳಿಸಿತು. ಚಿರುವಿನ ನೆಲೆಗಳಲ್ಲಿ ಚೀನಾ ಕಾವಲು ಹೆಚ್ಚಿಸಿತು. ಸಂಖ್ಯೆ ಚೇತರಿಸಿಕೊಂಡು 2016ರಲ್ಲಿ ಚಿರುವನ್ನು ಅಳಿವಿನಂಚಿನ ಪಟ್ಟಿಯಿಂದ ಕಡಿಮೆ ಅಪಾಯದ ವರ್ಗಕ್ಕೆ ಬದಲಿಸಲಾಯಿತು.

ಚೀನಾದಲ್ಲಿ ಮದುವೆ, ಔತಣಗಳಲ್ಲಿ ಶಾರ್ಕ್ ರೆಕ್ಕೆಯ ಸೂಪ್ ಬಡಿಸುವುದು ಪ್ರತಿಷ್ಠೆಯಾಗಿತ್ತು. ಬಾಸ್ಕೆಟ್‌ಬಾಲ್ ತಾರೆ ಯಾವೊ ಮಿಂಗ್ 2006ರಲ್ಲಿ "ನಾನು ತಿನ್ನುವುದಿಲ್ಲ" ಎಂದು ಬಹಿರಂಗವಾಗಿ ಹೇಳಿದರು. 2012ರಲ್ಲಿ ಸರ್ಕಾರಿ ಔತಣಗಳಿಂದ ಆ ಸೂಪನ್ನು ಕೈಬಿಡುವುದಾಗಿ ಚೀನಾ ಸರ್ಕಾರ ಪ್ರಕಟಿಸಿತು. ದೊಡ್ಡವರ ತಟ್ಟೆಯಿಂದ ಇಳಿದಾಗ ಉಳಿದವರ ತಟ್ಟೆಯಲ್ಲೂ ಅದರ ಮರ್ಯಾದೆ ಕಡಿಮೆಯಾಯಿತು.

ವಿಯೆಟ್ನಾಂನಲ್ಲಿ 2014ರಲ್ಲಿ ಆರಂಭವಾದ ಒಂದು ಅಭಿಯಾನ ಇನ್ನೂ ಕುತೂಹಲಕರ. ಅದು ಖಡ್ಗಮೃಗದ ಕಣ್ಣೀರು ತೋರಿಸಲಿಲ್ಲ. ನಡುವಯಸ್ಸಿನ ಶ್ರೀಮಂತ ಉದ್ಯಮಿಗಳನ್ನೇ ಗುರಿಯಾಗಿಸಿ, ಮನುಷ್ಯನ ಶಕ್ತಿ ಇರುವುದು ಅವನ ಒಳಗೆ, ಕೊಂಬಿನ ತುಂಡಿನಲ್ಲಿ ಅಲ್ಲ ಎಂದು ಹೇಳಿತು. ಕೊಳ್ಳುವವನು ಯಾವ ಕಾರಣಕ್ಕೆ ಕೊಳ್ಳುತ್ತಾನೋ ಆ ಕಾರಣವನ್ನೇ ಮುಟ್ಟುವ ಪ್ರಯತ್ನ ಅದು.

ಈ ಮೂರರಿಂದ ಕಲಿಯಬೇಕಾದದ್ದು ಇಷ್ಟು. ಮೋಸಹೋದವರಿಗೆ ಸತ್ಯ ಹೇಳಬೇಕು. ಗತ್ತಿಗಾಗಿ ಕೊಳ್ಳುವವರ ಮುಂದೆ ಅದರ ಗತ್ತು ಇಳಿಯಬೇಕು, ಅದೂ ಅವರು ಗೌರವಿಸುವವರ ಬಾಯಿಂದಲೇ. ಇವೆರಡರ ಜೊತೆಗೆ ಕಾನೂನಿನ ಭಯವೂ ಇರಬೇಕು. ಒಂದರಿಂದಲೇ ಆಗುವುದಿಲ್ಲ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರುವುದಷ್ಟೇ ಅಲ್ಲ, ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಪರಾಧ. ಹುಲಿಯಂಥ ಮೊದಲ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ವಸ್ತು ನಿಮ್ಮ ಬಳಿ ಸಿಕ್ಕಿದರೆ ಅದು ಕಾನೂನುಬದ್ಧ ಎಂದು ಸಾಬೀತು ಮಾಡುವ ಹೊಣೆ ನಿಮ್ಮದೇ. "ಯಾರೋ ಉಡುಗೊರೆ ಕೊಟ್ಟರು" ಎಂದರೆ ಸಾಲದು.

ತಾತನ ಕಾಲದ ವಸ್ತುವಾದರೂ ಮಾಲೀಕತ್ವದ ಪ್ರಮಾಣಪತ್ರ ಬೇಕು. ಘೋಷಣೆ ಮಾಡಿಕೊಳ್ಳಲು 2003ರಲ್ಲಿ ಕೇಂದ್ರ ಸರ್ಕಾರ 180 ದಿನ ಅವಕಾಶ ಕೊಟ್ಟಿತ್ತು. ಪ್ರಮಾಣಪತ್ರವಿಲ್ಲದ ವಸ್ತು ಮನೆಯಲ್ಲಿದ್ದರೆ ಅದನ್ನು ಮಾರಬೇಡಿ, ಯಾರಿಗೂ ದಾಟಿಸಬೇಡಿ, ಸುಡಬೇಡಿ. ವಕೀಲರೊಬ್ಬರ ಸಲಹೆ ಪಡೆದು ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿಯಾದ ದಾರಿ.

ಹಾಗೆಂದು ಎಲ್ಲದಕ್ಕೂ ಹೆದರಬೇಕಿಲ್ಲ. ನವಿಲು ತಾನಾಗಿ ಉದುರಿಸಿದ ಬಾಲದ ಗರಿಯನ್ನು ದೇಶದೊಳಗೆ ಇಟ್ಟುಕೊಳ್ಳಲು ಕಾನೂನಿನಲ್ಲಿ ವಿನಾಯಿತಿಯಿದೆ. ವಿದೇಶಕ್ಕೆ ಕಳಿಸುವಂತಿಲ್ಲ, ಗರಿಗಾಗಿ ನವಿಲನ್ನು ಕೊಲ್ಲುವುದಂತೂ ಗಂಭೀರ ಅಪರಾಧ. ಇನ್ನು ಗೊತ್ತಿಲ್ಲದೆ ಕೊಳ್ಳುವ ವಸ್ತುಗಳೂ ಇವೆ. ಚಿತ್ರಕಲೆಯ ಕೆಲವು ಕುಂಚಗಳು ಮುಂಗುಸಿಯ ಕೂದಲಿನಿಂದ ಮಾಡಿದವು. ಅದಕ್ಕಾಗಿ ಮುಂಗುಸಿಗಳನ್ನು ಕೊಲ್ಲುತ್ತಾರೆ. ಮಕ್ಕಳಿಗೆ ಕುಂಚ ಕೊಡಿಸುವಾಗ ಕೃತಕ ಎಳೆಯದ್ದನ್ನೇ ಕೇಳಿ ಪಡೆಯಿರಿ.

ಮುಂದಿನ ಬಾರಿ ಇಂಥ ಮೆಸೇಜ್ ಬಂದರೆ

ಒಂದು, ಫಾರ್ವರ್ಡ್ ಮಾಡಬೇಡಿ. "ಇದು ನಿಜವೇ?" ಎಂದು ಕೇಳುವುದಕ್ಕಾಗಿ ಹತ್ತು ಗ್ರೂಪಿಗೆ ಹಾಕಿದರೂ ಅದು ಹತ್ತು ಗ್ರೂಪಿಗೆ ತಲುಪಿದಂತೆಯೇ. ಎರಡು, ಬೆಲೆಯ ಅಂಕಿಯನ್ನು ಮತ್ತೆ ಹೇಳಬೇಡಿ. ಗ್ರೂಪಿನಲ್ಲಿ ಉತ್ತರಿಸುವುದಾದರೆ "ಇದು ವಂಚನೆ, ಇದಕ್ಕೆ ಕೊಳ್ಳುವವರೇ ಇಲ್ಲ, ಸಿಕ್ಕಿದರೆ ಜೈಲು" ಎಂದಷ್ಟೇ ಬರೆಯಿರಿ. ಮೂರು, ಮನೆಯಲ್ಲಿ ಕಾಡುಪ್ರಾಣಿ ಮುದ್ದು ಮಾಡುವ ವಿಡಿಯೊಗಳಿಗೆ ಲೈಕ್ ಒತ್ತುವ ಮೊದಲು ಅದು ಅಲ್ಲಿಗೆ ಹೇಗೆ ಬಂತು ಎಂದು ಯೋಚಿಸಿ. ನಾಲ್ಕು, ಮಾರಾಟದ ಮಾಹಿತಿ ನಿಜವೆನಿಸಿದರೆ ನೀವೇ ಗಿರಾಕಿಯಂತೆ ನಟಿಸಿ ಪತ್ತೆ ಮಾಡಲು ಹೋಗಬೇಡಿ. ಸ್ಕ್ರೀನ್‌ಶಾಟ್ ತೆಗೆದು ಹತ್ತಿರದ ಅರಣ್ಯ ಕಚೇರಿಗೆ ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

ಹೊಲದ ಬದುವಿನಲ್ಲಿ ಮಣ್ಣುಮುಕ್ಕ ಹಾವು ಕಂಡರೆ ಅದರ ತೂಕ ಎಷ್ಟಿರಬಹುದು ಎಂದು ಲೆಕ್ಕ ಹಾಕಬೇಡಿ, ಅದರ ಪಾಡಿಗೆ ಬಿಟ್ಟುಬಿಡಿ. ಅದು ಇಲಿ ಹಿಡಿಯಲು ಹೊರಟಿದೆ. ಕೋಟಿ ಕೊಡುವ ಪಾರ್ಟಿ ಯಾವತ್ತೂ ಬರುವುದಿಲ್ಲ, ಏಕೆಂದರೆ ಅಂಥವನು ಇರುವುದು ಫಾರ್ವರ್ಡ್ ಮೆಸೇಜಿನೊಳಗೆ ಮಾತ್ರ.